ಕೆಂಗಲ್ಲಿನ ಪಾಲು

ಹುನಗುಂದದಿಂದ ಇಳಕಲ್ಲಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ನಮ್ಮ ಸೀಮೆಯ ಸಂಪತ್ತು ಕಣ್ಣೆದುರಿಗೇ ಹಾಯ್ದುಹೋಗುತ್ತದೆ. ಲಾರಿಯೊಂದರ ಮೇಲೆ ಒಂದೋ ಎರಡೋ ಬಂಡೆ. ಅಷ್ಟಕ್ಕೇ ಲಾರಿಯ ಶಕ್ತಿ ಮುಗಿದಿರುತ್ತದೆ. ಬಂಡೆಯ ಬಣ್ಣ ಕೆಂಪು. ಕೆಲವು ತಿಳಿಗುಲಾಬಿಯವು, ಕೆಲವು ಮಾಣಿಕ್ಯದಂತೆ ಗಾಢವಾದವು. ಮಳೆ ಬಿದ್ದ ದಿನ ಅವುಗಳ ಹೊಳಪನ್ನು ನೋಡಬೇಕು. ಇಳಕಲ್ಲಿನ ಸೀರೆಯ ಸೆರಗಿನ ಕೆಂಪಿಗೂ ಈ ಕಲ್ಲಿನ ಕೆಂಪಿಗೂ ಏನೋ ನಂಟಿರಬೇಕೆಂದು ನನಗೆ ಅನ್ನಿಸುವುದುಂಟು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇಂತಹ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಕುದಿದು, ನಿಧಾನವಾಗಿ ತಣಿದು, ಹರಳುಗಟ್ಟಿದ ಈ ಕಲ್ಲು ಇಂದು ಇಳಕಲ್ಲಿನ ಕಾರ್ಖಾನೆಗಳಲ್ಲಿ ಹಲಗೆಯಾಗಿ ಸೀಳಿಸಿಕೊಂಡು ನುಣುಪಾಗುತ್ತದೆ. ಇಲ್ಲವೆ ಬಂಡೆಯಾಗಿಯೇ ಬಂದರಿನ ದಾರಿ ಹಿಡಿದು, ಕಡಲಾಚೆಯ ಯಾವುದೋ ನಗರದ ಸೌಧಕ್ಕೆ ನೆಲಹಾಸಾಗುತ್ತದೆ. ಇಳಕಲ್ಲನ್ನು ಭೂಪಟದಲ್ಲಿ ತೋರಿಸಲಾರದವರೂ ಇಳಕಲ್ಲಿನ ಗ್ರಾನೈಟಿನ ಹೆಸರನ್ನು ಕೇಳಿರುತ್ತಾರೆ.

ಕಲ್ಲುಗಣಿಗಳ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಕೆಲವು ವರ್ಷ ಅಧ್ಯಾಪಕನಾಗಿದ್ದೆ. ಒಂದು ದಿನ ಸಮಾಜವಿಜ್ಞಾನದ ಅಧ್ಯಾಪಕರು ರಜೆಯ ಮೇಲಿದ್ದುದರಿಂದ ಅವರ ತರಗತಿ ಕನ್ನಡ ಮಾಸ್ತರನಾದ ನನ್ನ ಪಾಲಿಗೆ ಬಂದಿತು. ಪಾಠ ನಮ್ಮ ದೇಶದ ಖನಿಜ ಸಂಪತ್ತಿನದು. ಖನಿಜಗಳು ರಾಷ್ಟ್ರದ ಸೊತ್ತು, ಅವುಗಳ ಸದ್ಬಳಕೆಯಿಂದ ದೇಶ ಮುನ್ನಡೆಯುತ್ತದೆ ಎಂಬ ಮಾತನ್ನು ಓದಿ, ನಾನು ಪುಸ್ತಕವನ್ನು ಮುಚ್ಚುವವನಿದ್ದೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದುನಿಂತ. ಅವನ ತಂದೆ ಗಣಿಯಲ್ಲಿ ಕಲ್ಲಿಗೆ ರಂಧ್ರ ಕೊರೆಯುವ ಯಂತ್ರವನ್ನು ಹಿಡಿದು ಹತ್ತು ವರ್ಷ ದುಡಿದು, ಆಗ ಕೆಮ್ಮುತ್ತ ಮನೆಯಲ್ಲಿ ಕುಳಿತಿದ್ದನು.

“ಸರ್, ನಮ್ಮೂರ ಗುಡ್ಡಾನೂ ದೇಶದ್ದ ಏನ್ರಿ?”

“ಹೌದಪ್ಪ.”

“ಹಂಗಾದ್ರ ಧೂಳು ಯಾರದ್ರಿ?”

ತರಗತಿ ನಕ್ಕಿತು. ಹುಡುಗ ನಗಲಿಲ್ಲ. ನಾನು ಆ ದಿನ ಏನೋ ಒಂದು ಉತ್ತರವನ್ನು ಹೇಳಿ ಗಂಟೆಯನ್ನು ಮುಗಿಸಿದೆ. ಆ ಉತ್ತರ ಏನೆಂಬುದು ಈಗ ನೆನಪಿಲ್ಲ, ನೆನಪಿಡುವಂತಹದಾಗಿದ್ದರೆ ನೆನಪಿರುತ್ತಿತ್ತು. ಪ್ರಶ್ನೆ ಮಾತ್ರ ನನ್ನೊಡನೆ ನಿವೃತ್ತಿಯ ವರೆಗೂ ಬಂದು, ಈಗಲೂ ಜೊತೆಯಲ್ಲಿದೆ.

ಅವನ ಪ್ರಶ್ನೆಯಲ್ಲಿ ಎರಡು ಲೆಕ್ಕಗಳಿವೆ. ಗುಡ್ಡ ಯಾರದೆಂಬುದಕ್ಕೆ ನಮ್ಮ ಸಂವಿಧಾನ ಒಂದು ದಾರಿಯನ್ನು ತೋರಿಸಿದೆ. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನವೂ ಹತೋಟಿಯೂ ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆಂಬುದು ಅದರ 39ನೆಯ ವಿಧಿ ರಾಜ್ಯಕ್ಕೆ ಕೊಟ್ಟಿರುವ ನಿರ್ದೇಶನ. ಗ್ರಾನೈಟು ಕಾನೂನಿನ ಭಾಷೆಯಲ್ಲಿ ಉಪಖನಿಜ. ಅದಕ್ಕೆ ನಿಯಮಗಳನ್ನು ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು ಅದಕ್ಕಾಗಿಯೇ ಇವೆ. ಗಣಿಯ ಗುತ್ತಿಗೆಯನ್ನು ಹಿಡಿದವನು ತೆಗೆದ ಕಲ್ಲಿನ ಪ್ರಮಾಣಕ್ಕೆ ತಕ್ಕಂತೆ ರಾಜಧನವನ್ನು ಸರ್ಕಾರದ ಬೊಕ್ಕಸಕ್ಕೆ ಕಟ್ಟುತ್ತಾನೆ. ಬೊಕ್ಕಸದಿಂದ ಅದು ರಾಜ್ಯದ ಎಲ್ಲ ರಸ್ತೆಗಳಿಗೂ ಶಾಲೆಗಳಿಗೂ ಹಂಚಿಹೋಗುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಗುಡ್ಡದ ಬುಡದಲ್ಲಿ ಹುಟ್ಟಿದವನು ಗುಡ್ಡವನ್ನು ಮಾಡಿದವನಲ್ಲ. ಆ ಕಲ್ಲಿನಲ್ಲಿ ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಪಾಲುಂಟು.

ಆದರೆ ಎರಡನೆಯ ಲೆಕ್ಕ, ಧೂಳಿನದು, ಹಾಗೆ ಹಂಚಿಹೋಗುವುದಿಲ್ಲ. ಅದು ಇದ್ದಲ್ಲಿಯೇ ಉಳಿಯುತ್ತದೆ. ಕಲ್ಲುಗಣಿಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೊದಲು ಮೇಲಿನ ಮಣ್ಣನ್ನೂ ಸಡಿಲು ಕಲ್ಲನ್ನೂ ತೆಗೆದು ಬದಿಗೆ ಸುರಿಯುತ್ತಾರೆ. ಆಮೇಲೆ ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತ ಇಳಿಯುತ್ತಾರೆ. ಹಿಂದೆ ಉಳಿ, ಸುತ್ತಿಗೆ, ಹಾರೆಗಳಿಂದ ನಡೆಯುತ್ತಿದ್ದ ಕೆಲಸವನ್ನು ಈಗ ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳೂ, ವಜ್ರದ ಮಣಿಗಳನ್ನು ಪೋಣಿಸಿದ ತಂತಿಯ ಗರಗಸಗಳೂ ಮಾಡುತ್ತವೆ. ಬಂಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಬಣ್ಣದಲ್ಲಿ ಒಂದು ಕರಿಯ ಪಟ್ಟಿ ಕಂಡರೂ ಕೊಳ್ಳುವವನು ಬೇಡವೆನ್ನುತ್ತಾನೆ. ಆದುದರಿಂದ ಗುಡ್ಡದಿಂದ ತೆಗೆದ ಕಲ್ಲಿನಲ್ಲಿ ಲಾರಿಯನ್ನು ಏರುವುದು ಕಡಿಮೆ. ಒಡೆದ ಚೂರಾಗಿ, ಕಸದ ರಾಶಿಯಾಗಿ ಅಲ್ಲಿಯೇ ಬೀಳುವುದೇ ಹೆಚ್ಚು. ಒಂದು ಬಂಡೆ ಪರದೇಶಕ್ಕೆ ಹೋದರೆ, ಅದರ ಹಲವು ಪಟ್ಟು ಕಲ್ಲು ಊರಿನ ಗೋಮಾಳದ ಅಂಚಿನಲ್ಲಿ ಹೊಸ ಗುಡ್ಡವಾಗಿ ನಿಲ್ಲುತ್ತದೆ. ಹಳೆಯ ಗುಡ್ಡದ ಮೇಲೆ ಕುರಿ ಮೇಯುತ್ತಿದ್ದವು. ಈ ಗುಡ್ಡದ ಮೇಲೆ ಹುಲ್ಲು ಕೂಡ ಬೆಳೆಯದು. ಕಲ್ಲು ಮುಗಿದ ಮೇಲೆ ಉಳಿಯುವುದು ಆಳವಾದ ಹೊಂಡ. ಮಳೆಗಾಲದಲ್ಲಿ ಅದು ತುಂಬುತ್ತದೆ. ಕೈಬಿಟ್ಟ ಕ್ವಾರಿಯಲ್ಲಿ ಈಜಲು ಇಳಿದ ಮಕ್ಕಳು ಮೇಲೆ ಬರಲಿಲ್ಲವೆಂಬ ಸುದ್ದಿಯನ್ನು ನಮ್ಮ ನಾಡಿನ ಪತ್ರಿಕೆಗಳಲ್ಲಿ ನಾವು ಎಷ್ಟು ಬಾರಿ ಓದಿಲ್ಲ! ಇನ್ನು ಧೂಳು. ಕಲ್ಲಿನ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನೆಲೆಸಿದರೆ ಬರುವ ಸಿಲಿಕೋಸಿಸ್ ಎಂಬ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. ತಡೆಯುವುದೊಂದೇ ಉಪಾಯ. ಕೊರೆಯುವಾಗ ನೀರು ಹಾಯಿಸಬೇಕು, ಮುಖಕ್ಕೆ ತಕ್ಕ ಮುಸುಕು ಬೇಕು. ಎರಡೂ ಖರ್ಚಿನ ಬಾಬುಗಳು.

ಕಲ್ಲಿನ ಬೆಲೆ ಬೇರೆ, ಹೊಂಡದ ಬೆಲೆ ಬೇರೆ ಎಂಬುದೇ ನನ್ನ ವಾದ. 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ, ರಾಜಧನವು ತೆರಿಗೆಯಲ್ಲ, ಖನಿಜವನ್ನು ತೆಗೆದುಕೊಳ್ಳುವ ಹಕ್ಕಿಗಾಗಿ ಅದರ ಒಡೆಯನಿಗೆ ಸಲ್ಲಿಸುವ ಪ್ರತಿಫಲ ಎಂದು ಬಹುಮತದಿಂದ ತೀರ್ಪು ಕೊಟ್ಟಿತು. ಒಡೆಯನಿಗೆ ಅವನ ಪ್ರತಿಫಲ ಸಂದಿತು, ಸರಿ. ಒಡೆಯನಲ್ಲದೆಯೂ ನಷ್ಟವನ್ನು ಹೊತ್ತವನಿಗೆ ಏನು ಸಂದಿತು?

ನಷ್ಟವನ್ನು ಹೊತ್ತವರಿಗೆ ಒಂದು ಹೆಸರನ್ನು ಕೊಡುವುದು ಎಷ್ಟು ಮುಖ್ಯವೆಂಬುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರು ಹೊಲಗಳನ್ನೂ ಊರುಗಳನ್ನೂ ಆವರಿಸಿತು. ಬಾಗಲಕೋಟೆಯ ಹಳೆಯ ಪಟ್ಟಣದ ಒಂದು ಭಾಗ ನೀರಿಗೆ ಹೋಗಿ, ನವನಗರ ಎದ್ದಿತು. ಆಗ ನೆಲ ಕಳೆದುಕೊಂಡವರನ್ನು ಮುಳುಗಡೆ ಸಂತ್ರಸ್ತರೆಂದು ಕರೆದರು. ಪರಿಹಾರ ಸಾಲದೆಂಬ, ತಡವಾಯಿತೆಂಬ ಕೊರಗು ಇಂದಿಗೂ ಉಂಟು. ಆದರೆ ಹೆಸರಿದ್ದುದರಿಂದ ಕೇಳಲು ಒಂದು ಹಕ್ಕು ಉಂಟಾಯಿತು, ಅರ್ಜಿ ಕೊಡಲು ಒಂದು ಕಚೇರಿ ಉಂಟಾಯಿತು. ನೀರು ಒಂದೇ ಮಳೆಗಾಲದಲ್ಲಿ ಹೊಲವನ್ನು ಮುಳುಗಿಸುತ್ತದೆ, ಎಲ್ಲರಿಗೂ ಕಾಣುತ್ತದೆ. ಕಲ್ಲುಗಣಿ ಊರನ್ನು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಮುಳುಗಿಸುತ್ತದೆ. ಹೀಗೆ ಮುಳುಗಿದವರಿಗೆ ನಮ್ಮ ಆಡುಮಾತಿನಲ್ಲಿ ಇನ್ನೂ ಹೆಸರಿಲ್ಲ.

ಗಣಿ ಮುಗಿದ ಮೇಲೆ ಏನಾಗುತ್ತದೆಂಬುದನ್ನು ತಿಳಿಯಲು ನಾವು ಕೋಲಾರಕ್ಕೆ ಹೋಗಬೇಕು. ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗಾಗಿಯೇ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, 1902ರಲ್ಲಿ ಅಷ್ಟು ದೂರ ತಂತಿಯ ಮೂಲಕ ಸಾಗಿಸಿದರು. ಬೆಂಗಳೂರಿನ ಬೀದಿಗೆ ಆ ದೀಪ ಬಂದುದು 1905ರಲ್ಲಿ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಮನುಷ್ಯರು ಇಳಿದು, ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಸುಮಾರು 800 ಟನ್ ಚಿನ್ನವನ್ನು ಮೇಲಕ್ಕೆ ತಂದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿ ಇಂದು ಕಾಣುವುದು ಚಿನ್ನವನ್ನು ಸೋಸಿ ಬಿಟ್ಟ ಸಯನೈಡಿನ ಮಣ್ಣಿನ ದಿಬ್ಬಗಳು. ಮತ್ತು ಪ್ರತಿದಿನ ನಸುಕಿನಲ್ಲಿ ಬೆಂಗಳೂರಿನ ಕಡೆಗೆ ರೈಲು ಹತ್ತುವ ಸಾವಿರಾರು ಜನ. ಒಂದು ಶತಮಾನ ಜಗತ್ತಿಗೆ ಚಿನ್ನವನ್ನು ಕೊಟ್ಟ ಊರಿನ ಮೊಮ್ಮಗ ಕೂಲಿಗಾಗಿ ಬೇರೆ ಊರಿಗೆ ಹೋಗಬೇಕಾಯಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದರ ಲಾಭದ ಒಂದಂಶವನ್ನು ಗಣಿಯಿಲ್ಲದ ಕಾಲಕ್ಕೆಂದು ಯಾರೂ ಅಲ್ಲಿ ಎತ್ತಿಡಲಿಲ್ಲ.

ಬಳ್ಳಾರಿಯ ಕಥೆ ಇನ್ನೂ ಕಹಿಯಾದುದು. ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹೊರದೇಶಗಳ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಸಾವಿರಗಳಲ್ಲಿ ಏರಿದಾಗಲೂ 2009ರ ಆಗಸ್ಟಿನ ವರೆಗೆ ಅದರ ರಾಜಧನ ಟನ್ನಿಗೆ ಮೂವತ್ತು ರೂಪಾಯಿಯನ್ನು ಮುಟ್ಟಿರಲಿಲ್ಲ; ಆಮೇಲೆ ಅದು ಬೆಲೆಯ ಶೇಕಡಾ 10 ಎಂದಾಯಿತು. ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರಲ್ಲಿ ಮೊದಲ ವರದಿಯನ್ನೂ 2011ರ ಜುಲೈನಲ್ಲಿ ಅಂತಿಮ ವರದಿಯನ್ನೂ ಕೊಟ್ಟರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಗಣಿಯಿಂದ ಹಾಳಾದ ನೆಲವನ್ನೂ ಜನಜೀವನವನ್ನೂ ಸರಿಪಡಿಸಲೆಂದು ಹಣವನ್ನು ಕೂಡಿಹಾಕಲಾಯಿತು. 2014ರಲ್ಲಿ ಅದಕ್ಕೊಂದು ನಿಗಮವೂ ರಚಿತವಾಯಿತು. ಆ ಹಣ ಸಾವಿರಾರು ಕೋಟಿಯಾಗಿ ಬೆಳೆದು, ವರ್ಷಗಟ್ಟಲೆ ವೆಚ್ಚವಾಗದೆ ಉಳಿಯಿತು. ಹಣವಿಲ್ಲದುದೊಂದೇ ನಮ್ಮ ತೊಂದರೆಯೆಂದು ತಿಳಿದಿದ್ದವರಿಗೆ ಇದೊಂದು ಹೊಸ ಪಾಠ.

ಇಷ್ಟಾದ ಮೇಲೆ ಕಾನೂನು ಎಚ್ಚರಗೊಳ್ಳಲಿಲ್ಲವೆ ಎಂದರೆ, ಗೊಂಡಿತು. 2015ರಲ್ಲಿ ಗಣಿ ಮತ್ತು ಖನಿಜ ಕಾಯಿದೆಗೆ ತಂದ ತಿದ್ದುಪಡಿಯಂತೆ ಗಣಿಗಾರಿಕೆಯಿರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬ ಸಂಸ್ಥೆಯನ್ನು ಸ್ಥಾಪಿಸಬೇಕಾಯಿತು. ಗಣಿಗಾರಿಕೆಯಿಂದ ಬಾಧೆಗೊಳಗಾದ ವ್ಯಕ್ತಿಗಳ ಮತ್ತು ಪ್ರದೇಶಗಳ ಹಿತಕ್ಕಾಗಿ ಕೆಲಸಮಾಡುವುದೇ ಅದರ ಉದ್ದೇಶವೆಂದು ಕಾಯಿದೆಯ ಮಾತು. ನೋಡಿ, ಇಲ್ಲಿ ಕಾನೂನು ಬಾಧಿತರಿಗೆ ಕೊನೆಗೂ ಒಂದು ಹೆಸರನ್ನು ಕೊಟ್ಟಿತು. ಕಬ್ಬಿಣದಂತಹ ಪ್ರಧಾನ ಖನಿಜಗಳ ಹಳೆಯ ಗುತ್ತಿಗೆದಾರರು ರಾಜಧನದ ಮೇಲೆ ಅದರ ಶೇಕಡಾ 30ರಷ್ಟನ್ನೂ, ಹರಾಜಿನಲ್ಲಿ ಗುತ್ತಿಗೆ ಪಡೆದ ಹೊಸಬರು ಶೇಕಡಾ 10ರಷ್ಟನ್ನೂ ಪ್ರತಿಷ್ಠಾನಕ್ಕೆ ಕೊಡಬೇಕು. ಗ್ರಾನೈಟಿನಂತಹ ಉಪಖನಿಜಗಳ ಪಾಲನ್ನು ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಆ ವರ್ಷವೇ ಬಂದ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆ, ಹಣದಲ್ಲಿ ಕನಿಷ್ಠ ಶೇಕಡಾ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ರಕ್ಷಣೆ ಮೊದಲಾದ ಆದ್ಯತೆಯ ಕೆಲಸಗಳಿಗೆ ಬಳಸಬೇಕೆಂದಿತು.

ಕಾಯಿದೆ ಒಳ್ಳೆಯದು. ಆದರೆ ಅದರಲ್ಲಿ ಒಂದು ಬಾಗಿಲು ನಮಗೆ ಮುಚ್ಚಿದೆ. ಈ ಹಣದಿಂದ ಹಳ್ಳಿಯಲ್ಲಿ ಏನು ಮಾಡಬೇಕೆಂಬುದಕ್ಕೆ ಗ್ರಾಮಸಭೆಯ ಒಪ್ಪಿಗೆ ಇರಲೇಬೇಕೆಂಬ ಕಟ್ಟಳೆಯಿರುವುದು ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಿಗೆ. ಕರ್ನಾಟಕದಲ್ಲಿ ಅಂತಹ ಅನುಸೂಚಿತ ಪ್ರದೇಶ ಒಂದೂ ಇಲ್ಲ. ಆದುದರಿಂದ ಇಳಕಲ್ಲಿನ ಸುತ್ತಣ ಹಳ್ಳಿಯ ಜನ ತಮ್ಮ ಅಭಿಪ್ರಾಯವನ್ನು ಹೇಳಬಹುದು. ಬೇಡವೆನ್ನುವ, ಇದೇ ಬೇಕೆನ್ನುವ ಬಲ ಅವರಿಗಿಲ್ಲ. ತೀರ್ಮಾನ ಜಿಲ್ಲಾಕೇಂದ್ರದಲ್ಲಿ ಆಗುತ್ತದೆ. ಜಿಲ್ಲಾಕೇಂದ್ರದಿಂದ ನೋಡುವವರಿಗೆ ಕಟ್ಟಡ ಕಾಣುತ್ತದೆ, ಕಾಂಕ್ರೀಟು ರಸ್ತೆ ಕಾಣುತ್ತದೆ, ಕೆಮ್ಮು ಕಾಣುವುದಿಲ್ಲ. ಅಧಿಕಾರಿಗಳಲ್ಲಿ ಸಜ್ಜನರಿಲ್ಲವೆಂದು ನಾನು ಹೇಳುತ್ತಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿಯೇ ಕೆಲವರು ಅಧಿಕಾರಿಗಳಾಗಿದ್ದಾರೆ. ದೂರದಿಂದ ನೋಡುವ ಸಜ್ಜನನಿಗೂ ಊರಿನ ಅಗತ್ಯ ಊರವರಷ್ಟು ತಿಳಿಯದು. ಅನುಸೂಚಿತ ಪ್ರದೇಶದ ಗ್ರಾಮಸಭೆಗಿರುವ ಒಪ್ಪಿಗೆಯ ಹಕ್ಕನ್ನು ಗಣಿಗಾರಿಕೆಯಿರುವ ಎಲ್ಲ ಹಳ್ಳಿಗಳಿಗೂ ವಿಸ್ತರಿಸಬೇಕು. ರಾಜ್ಯ ತನ್ನ ನಿಯಮಗಳಲ್ಲಿಯೇ ಇದನ್ನು ತರಬಹುದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಇಡೀ ದೇಶದ ಸೊತ್ತಿನಲ್ಲಿ ಒಂದು ಹಳ್ಳಿಗೆ ವಿಶೇಷ ಪಾಲೇಕೆ, ಹೀಗೆ ಊರೂರೂ ತನ್ನ ಗುಡ್ಡ ತನ್ನದೆಂದರೆ ದೇಶವೆಂಬುದು ಉಳಿದೀತೆ ಎಂದು ಕೇಳುವವರಿದ್ದಾರೆ. ಆಫ್ರಿಕಾದ ಬೋಟ್ಸ್ವಾನಾ ದೇಶವನ್ನು ಅವರು ಉದಾಹರಿಸಬಹುದು. 1966ರಲ್ಲಿ ಸ್ವತಂತ್ರವಾದಾಗ ಅದು ಬಡದೇಶಗಳ ಸಾಲಿನಲ್ಲಿತ್ತು. ಮರುವರ್ಷ ಒರಾಪಾ ಎಂಬಲ್ಲಿ ವಜ್ರ ಸಿಕ್ಕಿತು. ಆ ನೆಲ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಕುಲದವರದು. ಆದರೂ ಖನಿಜದ ಹಕ್ಕು ಕುಲಗಳದಲ್ಲ, ರಾಷ್ಟ್ರದ್ದೆಂದು ಅಲ್ಲಿ ಕಾನೂನು ಮಾಡಿದರು. ವಜ್ರದ ಹಣ ಶಾಲೆಗಳಿಗೂ ರಸ್ತೆಗಳಿಗೂ ಹೋಯಿತು. ಇದು ದೊಡ್ಡ ಮನಸ್ಸಿನ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ದೇಶದಲ್ಲಿ ಕಲಹರಿ ಮರುಭೂಮಿಯ ಮೂಲನಿವಾಸಿಗಳಾದ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಲಾಯಿತು. ಅದು ಕಾನೂನಿಗೆ ಒಪ್ಪದ ಕೆಲಸವೆಂದು ಅಲ್ಲಿನ ಉಚ್ಚ ನ್ಯಾಯಾಲಯ 2006ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ರಾಷ್ಟ್ರಕ್ಕೆ ಒಳಿತಾದ ಮಾತ್ರಕ್ಕೆ ಆ ನೆಲದ ಮೇಲೆ ಬಾಳುವವನಿಗೆ ಒಳಿತಾಗುತ್ತದೆಂಬ ಭರವಸೆಯಿಲ್ಲ. ಕಲ್ಲಿನ ಬೆಲೆಯಲ್ಲಿ ಹಳ್ಳಿಗೆ ಹೆಚ್ಚಿನ ಪಾಲನ್ನು ನಾನು ಕೇಳುತ್ತಿಲ್ಲ. ಹೊಂಡದ ಬೆಲೆಯನ್ನು ಹೊಂಡದ ಅಂಚಿನಲ್ಲಿ ಬಾಳುವವರಿಗೆ ಕೊಡಿ ಎನ್ನುತ್ತಿದ್ದೇನೆ.

ಸ್ಥಳೀಯರು ಯಾರೆಂಬ ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಗಣಿಗಳಲ್ಲಿ ದುಡಿಯುವವರೆಲ್ಲ ಆ ಊರಿನವರಲ್ಲ. ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದು, ತಗಡಿನ ಜೋಪಡಿಯಲ್ಲಿ ಸಂಸಾರ ಹೂಡಿದವರಿದ್ದಾರೆ. ಊರವರು ಅವರನ್ನು ಹೊರಗಿನವರೆಂದೇ ಎಣಿಸುತ್ತಾರೆ. ಕೆಲವು ಬಾರಿ ಪಡಿತರ ಚೀಟಿಯೂ ಎಣಿಸುತ್ತದೆ. ನನ್ನ ಮಟ್ಟಿಗೆ ಆ ಧೂಳನ್ನು ಉಸಿರಾಡಿದವನು ಆ ಊರಿನವನೇ. ಹೊಲವನ್ನು ಗಣಿಗೆ ಬಿಟ್ಟುಕೊಟ್ಟು, ಹಣ ಪಡೆದು, ಬಾಗಲಕೋಟೆಯಲ್ಲಿ ಮನೆ ಕಟ್ಟಿಸಿಕೊಂಡು ಹೋದ ಭೂಮಾಲಿಕನಿಗಿಂತ ಅವನ ಹಕ್ಕು ಹೆಚ್ಚಿನದು. ಈ ಮಾತು ಕೆಲವರಿಗೆ ಹಿಡಿಸದಿರಬಹುದು.

ಗಣಿಯವರು ಊರಿಗೆ ಏನೂ ಕೊಡುವುದಿಲ್ಲವೆ ಎಂದು ಕೇಳಿದರೆ, ಕೊಡುತ್ತಾರೆ. ಜಾತ್ರೆಯ ತೇರಿಗೆ ಕೊಡುತ್ತಾರೆ, ಗುಡಿಯ ಕಳಸಕ್ಕೆ ಕೊಡುತ್ತಾರೆ, ಗಣೇಶನ ಮಂಟಪಕ್ಕೆ ಕೊಡುತ್ತಾರೆ, ಶಾಲೆಯ ವಾರ್ಷಿಕೋತ್ಸವಕ್ಕೂ ಕೊಡುತ್ತಾರೆ. ನಾನೇ ಶಾಲೆಯ ಪರವಾಗಿ ಇಂತಹ ದೇಣಿಗೆಯನ್ನು ಕೈಯೊಡ್ಡಿ ತಂದಿದ್ದೇನೆ, ಶಾಲು ಹೊದಿಸಿ ವಂದಿಸಿದ್ದೇನೆ. ಅಂದು ಕೆಮ್ಮುತ್ತಿದ್ದ ಆ ತಂದೆಯೂ ಸಭೆಯಲ್ಲಿ ಕುಳಿತಿದ್ದುದು ನೆನಪಾದಾಗ ನಾಚಿಕೆಯಾಗುತ್ತದೆ. ದೇಣಿಗೆ ಕೊಡುವವನ ಮರ್ಜಿಗೆ ಸೇರಿದುದು. ಪಾಲು ಪಡೆಯುವವನ ಹಕ್ಕಿಗೆ ಸೇರಿದುದು. ದೇಣಿಗೆಯನ್ನು ಪಡೆದವನು ತಲೆ ಬಾಗಿಸುತ್ತಾನೆ, ಲೆಕ್ಕವನ್ನು ಕೇಳಲಾರ.

ಲೆಕ್ಕದ ಮಾತು ಬಂದಾಗ ನನಗೆ ಐಹೊಳೆ ನೆನಪಾಗುತ್ತದೆ. ನಮ್ಮ ಹುನಗುಂದ ಸೀಮೆಯ ಈ ಊರನ್ನು ನೋಡಲು ಬಂದವರು ಗುಡಿಗಳನ್ನು ನೋಡಿ ಹೋಗುತ್ತಾರೆ. ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನವನ್ನು ಕೆಲವರು ನೋಡುತ್ತಾರೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘಕ್ಕೆ ಹೆಸರನ್ನು ಕೊಟ್ಟುದೂ ಈ ಊರೇ. ದಕ್ಷಿಣ ಭಾರತದ ಉದ್ದಗಲಕ್ಕೂ ಅವರು ವ್ಯಾಪಾರ ಮಾಡಿದರು. ಕಡಲಾಚೆಯ ಸುಮಾತ್ರಾದಲ್ಲಿಯೂ 1088ರ ತಮಿಳು ಶಾಸನವೊಂದು ಅವರ ಸಂಘವನ್ನು ಹೆಸರಿಸುತ್ತದೆ. ಅವರೇನು ಧರ್ಮಾತ್ಮರಾಗಿಯೇ ಇದ್ದರೆಂದು ನಾನು ಹೇಳಲಾರೆ. ವರ್ತಕರು ಯಾವ ಕಾಲದಲ್ಲಿಯೂ ವರ್ತಕರೇ. ಆದರೆ ಅವರ ದತ್ತಿಶಾಸನಗಳಲ್ಲಿ ಒಂದು ಒಳ್ಳೆಯ ಪದ್ಧತಿ ಕಾಣುತ್ತದೆ. ಊರಿನ ಗುಡಿಗೋ ಕೆರೆಗೋ ಕೊಡುವುದನ್ನು, ಇಂತಿಂತಹ ಸರಕಿನ ಹೇರಿಗೆ ಇಷ್ಟಿಷ್ಟೆಂದು ಮೊದಲೇ ಗೊತ್ತುಮಾಡಿ, ಊರ ನಡುವೆ ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ವರ್ಷವರ್ಷವೂ ಅವರ ಮನೆಯ ಬಾಗಿಲಿಗೆ ಹೋಗಿ ಬೇಡಬೇಕಾಗಿರಲಿಲ್ಲ.

ಇಂದು ನಮ್ಮ ಕೈಯಲ್ಲಿ ಕಲ್ಲಿಗೇನು ಕೊರತೆ? ಗಣಿಯಿರುವ ಪ್ರತಿ ಗ್ರಾಮ ಪಂಚಾಯಿತಿಯ ಕಚೇರಿಯೆದುರಿಗೆ ಒಂದು ಕೆಂಗಲ್ಲಿನ ಹಲಗೆ ನಿಲ್ಲಲಿ. ಆ ವರ್ಷ ಊರಿನ ಗುಡ್ಡದಿಂದ ಹೋದ ಕಲ್ಲೆಷ್ಟು, ಸರ್ಕಾರಕ್ಕೆ ಸಂದ ರಾಜಧನವೆಷ್ಟು, ಪ್ರತಿಷ್ಠಾನಕ್ಕೆ ಸೇರಿದುದೆಷ್ಟು, ಅದರಲ್ಲಿ ಊರಿಗೆ ಮರಳಿದುದೆಷ್ಟು ಎಂಬ ಅಂಕಿಗಳನ್ನು ಅದರ ಮೇಲೆ ಬರೆಯಲಿ. ಗ್ರಾಮಸಭೆಯಲ್ಲಿ ಅವನ್ನು ಗಟ್ಟಿಯಾಗಿ ಓದಲಿ. ಊರಿಗೆ ಮರಳಿದ ಹಣ ಮೊದಲು ಕೊರೆಯುವವರ ಎದೆಯ ಪರೀಕ್ಷೆಗೆ, ಅವರ ಔಷಧಕ್ಕೆ, ಕುಡಿಯುವ ನೀರಿಗೆ ಹೋಗಲಿ. ಹಳೆಯ ಹೊಂಡಗಳಿಗೆ ಬೇಲಿ ಹಾಕಲಿ; ತೋಡಿದ ನೆಲವನ್ನು ಮತ್ತೆ ಸುಸ್ಥಿತಿಗೆ ತರಬೇಕೆಂದು 1999ರ ಗ್ರಾನೈಟ್ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ವಿಧಿಸಿರುವುದನ್ನು ಯಾರಾದರೂ ನೆನಪಿಸಲಿ. ಒಂದಂಶವನ್ನು ಮಾತ್ರ ಮುಟ್ಟದೆ ಕೂಡಿಡಬೇಕು. ನಾರ್ವೆ ದೇಶದವರು 1990ರಲ್ಲಿ ಕಾನೂನು ಮಾಡಿ ತಮ್ಮ ತೈಲದ ಆದಾಯವನ್ನು ಮುಂದಿನ ಪೀಳಿಗೆಗಾಗಿ ಒಂದು ನಿಧಿಯಲ್ಲಿ ತೊಡಗಿಸಿದರು; ಅದು ಇಂದು ಜಗತ್ತಿನ ಅತಿದೊಡ್ಡ ನಿಧಿಗಳಲ್ಲೊಂದು. ನಮ್ಮ ಹಳ್ಳಿಯ ನಿಧಿ ಅದರೆದುರಿಗೆ ಸಾಸಿವೆಯಷ್ಟಿರಬಹುದು. ಗಣಿ ಕಾರ್ಮಿಕರ ಹತ್ತು ಮಕ್ಕಳಿಗೆ ಕಲ್ಲಿನ ಧೂಳಿಲ್ಲದ ವಿದ್ಯೆಯನ್ನು ಕಲಿಸಲು ಅಷ್ಟು ಸಾಕು.

ಪ್ರಶ್ನೆ ಕೇಳಿದ ಆ ಹುಡುಗನ ತಂದೆ ಅವನು ಹತ್ತನೆಯ ತರಗತಿಯಲ್ಲಿರುವಾಗಲೇ ತೀರಿಕೊಂಡನು. ಹುಡುಗ ಓದನ್ನು ಬಿಡಲಿಲ್ಲ. ಈಗ ಅವನಿಗೆ ನಲವತ್ತು ದಾಟಿದೆ. ತನ್ನ ಊರಿನ ಪಂಚಾಯಿತಿಯ ಸದಸ್ಯನಾಗಿದ್ದಾನೆ. ಕಳೆದ ಕಾರಹುಣ್ಣಿಮೆಯಂದು ಮನೆಗೆ ಬಂದಿದ್ದ. ಗ್ರಾಮಸಭೆಯಲ್ಲಿ ಒಂದು ವರ್ಷದ ಲಾರಿಗಳ ಲೆಕ್ಕವನ್ನು ಕೇಳಿದೆನೆಂದೂ, ಅದು ಪಂಚಾಯಿತಿಗೆ ಬರುವ ಲೆಕ್ಕವಲ್ಲವೆಂದು ಉತ್ತರ ಬಂದಿತೆಂದೂ ಹೇಳಿದ. ಆಮೇಲೆ ಅರ್ಜಿಯ ಒಂದು ಕರಡನ್ನು ನನ್ನ ಮುಂದೆ ಇಟ್ಟು, “ಸರ್, ಒಂದ್ಸಲ ಓದಿ, ಕನ್ನಡ ತಿದ್ದಿ ಕೊಡ್ರಿ” ಎಂದ. ತಿದ್ದುವಂತಹ ತಪ್ಪುಗಳು ಎರಡೇ ಇದ್ದವು.